ಮೂರನೇ ಮಹಡಿಯ ಕುಸಿತಗಳಿಗೆ ಪೂರ್ವಾನುಮತಿ ಪಡೆಯುವ ಕುರಿತು

ಸುತ್ತೋಲೆ ಸಂಖ್ಯೆ: ಆಡಳಿತ/ಮೂ.ಮ./ಕುಸಿತ/17

ವಿಷಯ: ತಾಳೆ ವಿಭಾಗದಲ್ಲಿ ಸಂಭವಿಸುವ ಕುಸಿತಗಳನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(ಅ) ಕಾವಲುಗಾರರ ಘಟನಾ ವಹಿ, ಪುಟ 41
(ಆ) ಕಟ್ಟಡ ದುರಸ್ತಿ ಶಾಖೆಯ ತಪಾಸಣಾ ವರದಿ
(ಇ) ಸದರಿ ನೌಕರರ ಹೇಳಿಕೆ
(ಈ) ಸದರಿ ಟ್ಯೂಬ್‌ಲೈಟು (ಕಡತಕ್ಕೆ ಲಗತ್ತಿಸಲು ಪ್ರಯತ್ನಿಸಲಾಗಿದೆ, ದಾರ ಸಾಲಲಿಲ್ಲ)

ಇಂಥ ವಿಷಯದ ಮೇಲೆ ಸುತ್ತೋಲೆ ಹೊರಡಿಸುವಷ್ಟು ತಿಳುವಳಿಕೆ ಈ ಶಾಖೆಗೆ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ಧೈರ್ಯ ಮಾಡಿದ್ದಕ್ಕಾಗಿ ಕ್ಷಮೆ ಕೋರಲಾಗಿದೆ. ಬೇರೆ ಯಾವ ಶಾಖೆಯೂ ಮುಂದೆ ಬರಲಿಲ್ಲ.

ಪೀಠಿಕೆ:

ಈ ಕಚೇರಿಯಿಂದ ಹೊರಡುವ ಪ್ರತಿಯೊಂದು ಕಾಗದವನ್ನೂ ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಕೊನೆಯಲ್ಲಿ ‘ತಾಳೆ ನೋಡಿದೆ’ ಎಂದು ಬರೆಯುವ ಗುಮಾಸ್ತೆಯನ್ನು ಎಲ್ಲರೂ ‘ತಾಳೆ ಅಕ್ಕ’ ಎಂದು ಕರೆಯುತ್ತಾರೆ. ಹನ್ನೊಂದು ವರ್ಷಗಳಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘವೂ ಹೊರಗೆ ಹೋದ ದಾಖಲೆಯಿಲ್ಲ. ಅವರಿಗೆ ಆಟಿಸಂ ಇದೆಯೆಂದು ಮೂವತ್ತನಾಲ್ಕನೇ ವಯಸ್ಸಿನಲ್ಲಿ ವೈದ್ಯರು ಬರೆದುಕೊಟ್ಟಿದ್ದಾರೆ. ವೈದ್ಯರ ಪತ್ರದಲ್ಲಿದ್ದ ‘ಮೆಲ್ಟ್‌ಡೌನ್’ ಎಂಬ ಪದಕ್ಕೆ ನಿಘಂಟಿನಲ್ಲಿ ‘ಕರಗಿ ಹರಿಯುವಿಕೆ’ ಎಂದಿದ್ದು, ಅದು ನೆಲ ಒರೆಸುವವರ ವ್ಯಾಪ್ತಿಗೆ ಹೋಗಬಹುದೆಂಬ ಆತಂಕದಿಂದ ಶಾಖಾ ಮೇಲ್ವಿಚಾರಕರು ‘ಕುಸಿತ’ ಎಂಬ ಪದವನ್ನು ಗೊತ್ತುಪಡಿಸಿದರು.

ಅದರಂತೆ ಕಾವಲುಗಾರರು ಘಟನಾ ವಹಿಯಲ್ಲಿ ‘3.10ಕ್ಕೆ ಮೂರನೇ ಮಹಡಿಯಲ್ಲಿ ಕುಸಿತ’ ಎಂದು ನಮೂದಿಸಿದರು. ಕಟ್ಟಡ ದುರಸ್ತಿ ಶಾಖೆಯು ತಲೆಗೆ ಹೆಲ್ಮೆಟ್, ಕೈಗೆ ಚಾವಣಿಗೆ ಆನಿಸುವ ಆಸರೆಗಂಬ ಕೊಟ್ಟು ಒಬ್ಬ ಎಂಜಿನಿಯರನ್ನೂ ಒಬ್ಬ ಎಲೆಕ್ಟ್ರಿಷಿಯನ್‌ನನ್ನೂ ಕಳುಹಿಸಿತು. ಎಂಜಿನಿಯರರು ಗೋಡೆಗಳನ್ನು ತಟ್ಟಿ ನೋಡಿ, ಗಟ್ಟಿಯಾಗಿವೆ ಎಂದು ವರದಿ ಮಾಡಿದರು. ಕೆಲಸವಿಲ್ಲದೆ ನಿಂತಿದ್ದ ಎಲೆಕ್ಟ್ರಿಷಿಯನ್ ಮೇಲೆ ನೋಡಿ, “ಇದರ ಚೋಕ್ ಹೋಗಿದೆಯಲ್ರೀ, ಗುಂಯ್ ಅಂತಾನೇ ಇದೆ. ಇದರ ಕೆಳಗೆ ಹೇಗಮ್ಮಾ ಕೂತಿದ್ದೀರಿ ಇಷ್ಟು ದಿನ?” ಎಂದು ಕೇಳಿ, ಯಾರ ಆದೇಶವೂ ಇಲ್ಲದೆ ಟ್ಯೂಬ್‌ಲೈಟನ್ನು ಚೋಕ್ ಸಮೇತ ಬಿಚ್ಚಿ ಬೀರುವಿನ ಮೇಲಿಟ್ಟು ಹೋದರು.

ಅಂದಿನಿಂದ ಇಂದಿನವರೆಗೆ ನಲವತ್ತಾರು ಕೆಲಸದ ದಿನಗಳಲ್ಲಿ ಒಂದೂ ಕುಸಿತ ಸಂಭವಿಸಿಲ್ಲ. ಇದು ಕಾಕತಾಳೀಯವೆಂದು, ಕುಸಿತಗಳ ಪರಿಶೀಲನೆಗೆ ನೇಮಿಸಲಾದ ಸಮಿತಿಯು ಒಮ್ಮತದಿಂದ ತೀರ್ಮಾನಿಸಿದೆ. ಆದರೆ ಸರ್ಕಾರಿ ದೀಪವೊಂದು ಆದೇಶವಿಲ್ಲದೆ ಕೆಳಗಿಳಿದಿರುವುದು ಗಂಭೀರ ಲೋಪವಾಗಿದ್ದು, ಸಮಿತಿಯ ನಿದ್ದೆಗೆಡಿಸಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕುಸಿಯಲು ಇಚ್ಛಿಸುವ ನೌಕರರು ಮೂರು ಕೆಲಸದ ದಿನಗಳ ಮುಂಚೆ ನಮೂನೆ ಕು-1ರಲ್ಲಿ, ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕುಸಿತದ ದರ್ಜೆಯನ್ನು (ಸಾಧಾರಣ / ಮಧ್ಯಮ / ಮೇಜಿನ ಕೆಳಗೆ) ಸ್ಪಷ್ಟವಾಗಿ ಗುರುತಿಸತಕ್ಕದ್ದು. ಅರ್ಜಿ ಸಲ್ಲಿಸಿ ಕುಸಿಯದಿದ್ದಲ್ಲಿ ಕಾರಣ ಕೇಳಿ ನೋಟಿಸು ನೀಡಲಾಗುವುದು.

2. ಕುಸಿತಕ್ಕೆ ಮಧ್ಯಾಹ್ನ 1.30ರಿಂದ 1.45ರವರೆಗಿನ ಅವಧಿಯನ್ನು ನಿಗದಿಪಡಿಸಲಾಗಿದೆ. ಮುಗಿಯದೆ ಉಳಿದ ಭಾಗವನ್ನು ಮರುದಿನಕ್ಕೆ ಮುಂದೂಡತಕ್ಕದ್ದು.

3. ಕುಸಿತದ ವೇಳೆ ಮಾತು ನಿಂತುಹೋಗುವುದಾಗಿ ಸದರಿ ನೌಕರರು ತಿಳಿಸಿದ್ದಾರೆ. ಮಾತು ನಿಂತ ಕೂಡಲೇ ಆ ಸಂಗತಿಯನ್ನು ಮೇಲ್ವಿಚಾರಕರಿಗೆ ಬಾಯಿಮಾತಿನಲ್ಲಿ ತಿಳಿಸತಕ್ಕದ್ದು.

4. ಸದರಿ ನೌಕರರ ಹೇಳಿಕೆಯನ್ನು ಅವರು ಹೇಳಿದಂತೆಯೇ ಇಲ್ಲಿ ಅಳವಡಿಸಲಾಗಿದೆ: “ಮೊದಲು ಆ ಲೈಟಿನ ಸದ್ದು. ಬೆಳಿಗ್ಗೆಯಿಂದ ತಡ್ಕೊಂಡಿರ್ತೀನಿ ಸಾರ್. ಆಮೇಲೆ ಫ್ಯಾನು, ಸ್ಟೇಪ್ಲರು, ಯಾರೋ ಪೆನ್ನು ಟಕ್ ಟಕ್ ಅನ್ನಿಸೋದು, ಎಲ್ಲಾ ಒಂದೇ ಜೋರಾಗಿ ಒಳಗೆ ಬರುತ್ತೆ. ಯಾವುದನ್ನ ಬಿಡೋದು, ಯಾವುದನ್ನ ಕೇಳೋದು ಗೊತ್ತಾಗಲ್ಲ. ಮೇಜಿನ ಕೆಳಗೆ ಕೂತ್ರೆ ಬೆನ್ನಿಗೆ ಗೋಡೆ ಸಿಗುತ್ತೆ, ಅಷ್ಟೇ. ಅಳೋದು, ಕೈ ಬಡಿಯೋದು ನಾನು ಬೇಕಂತ ಮಾಡೋದಲ್ಲ. ಮುಗಿದ ಮೇಲೆ ಎರಡು ದಿನ ಒದ್ದೆ ಬಟ್ಟೆ ಥರ ಇರ್ತೀನಿ. ಅದಕ್ಕಿಂತ ಜಾಸ್ತಿ ನಾಚಿಕೆ.” ಈ ಹೇಳಿಕೆಯಲ್ಲಿ ಪುಟಸಂಖ್ಯೆ ಇಲ್ಲದಿರುವುದರಿಂದ ಇದನ್ನು ಪರಿಗಣಿಸಲಾಗಿಲ್ಲ.

5. ಮೇಜಿನ ಕೆಳಭಾಗವು ದಾಸ್ತಾನು ಶಾಖೆಗೆ ಸೇರಿದ್ದು, ಅಲ್ಲಿ ಈಗಾಗಲೇ ಎರಡು ಹಳೆಯ ಟೈಪ್‌ರೈಟರುಗಳಿವೆ. ಅವುಗಳ ಒಪ್ಪಿಗೆ ಪತ್ರ ತರತಕ್ಕದ್ದು.

6. ಸಾಂತ್ವನ ಹೇಳಲು ಸುತ್ತ ನೆರೆಯುವ ಸಹೋದ್ಯೋಗಿಗಳ ಸಂಖ್ಯೆ ಏಳನ್ನು ಮೀರತಕ್ಕದ್ದಲ್ಲ. ಈ ಕೆಳಗಿನ ಮಾತುಗಳನ್ನು ಸೇವಾ ಹಿರಿತನದ ಮೇಲೆ, ಒಬ್ಬರಾದ ಮೇಲೆ ಒಬ್ಬರು ಹೇಳತಕ್ಕದ್ದು. ಮುಖ್ಯ ಗುಮಾಸ್ತರು: “ಟೆನ್ಷನ್ ಯಾರಿಗಿಲ್ಲಮ್ಮಾ? ನಾವೇನು ನೆಲಕ್ಕೆ ಕೂತ್ಕೋತೀವಾ?” ಟಪಾಲಿನವರು: “ನೋಡಿದ್ರೆ ಹಾಗೆ ಅನ್ಸೋದೇ ಇಲ್ಲ ಬಿಡಿ, ಚೆನ್ನಾಗೇ ಇದ್ದೀರಲ್ಲ!” ಬೆರಳಚ್ಚಿನ ತಂಗಿ: “ಎಲ್ರೂ ಸ್ವಲ್ಪ ಆಚೆ ಹೋಗ್ರಪ್ಪಾ.” ಈ ಕೊನೆಯ ಮಾತು ಪಟ್ಟಿಗೆ ಕಣ್ತಪ್ಪಿನಿಂದ ಸೇರಿದ್ದು, ಅದನ್ನು ಪಾಲಿಸಬೇಕಾಗಿಲ್ಲ. ಮುಟ್ಟಬೇಡಿ ಎಂದು ಸದರಿ ನೌಕರರು ಲಿಖಿತವಾಗಿ ಕೋರಿರುವುದರಿಂದ, ಬೆನ್ನು ತಟ್ಟುವವರು ತಟ್ಟಿದ ನಂತರ ವಹಿಯಲ್ಲಿ ಸಹಿ ಮಾಡತಕ್ಕದ್ದು.

7. ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಲು ಅನುಮತಿ ನೀಡಲಾಗಿದೆ. ಅನುಮತಿಯನ್ನು ಪ್ರತಿದಿನ ಗಟ್ಟಿಯಾಗಿ ಓದಿ ಹೇಳಲಾಗುವುದು. ಆಗ ಹತ್ತಿ ತೆಗೆದಿರತಕ್ಕದ್ದು.

8. ಬೀರುವಿನ ಮೇಲಿರುವ ಸದರಿ ಟ್ಯೂಬ್‌ಲೈಟನ್ನು ಅದೇ ಚೋಕ್ ಸಮೇತ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ, ಸದರಿ ನೌಕರರ ಮೇಜಿನ ನೇರ ಮೇಲೆ ಮರಳಿ ಅಳವಡಿಸತಕ್ಕದ್ದಲ್ಲ.

9. ಇನ್ನೊಂದು ಕುಸಿತ ಸಂಭವಿಸಿದಲ್ಲಿ ಸದರಿ ನೌಕರರನ್ನು ನೆಲಮಹಡಿಯ ವಿಚಾರಣೆ ಕಿಟಕಿಗೆ ಖಾಯಂ ಆಗಿ ವರ್ಗಾಯಿಸಲಾಗುವುದು. ಅಲ್ಲಿ ನಲವತ್ತು ಸೆಕೆಂಡಿಗೊಮ್ಮೆ ಟೋಕನ್ ಗಂಟೆ ಹೊಡೆಯುತ್ತದೆ. ನಾಲ್ಕು ಜನರ ಜೊತೆ ಬೆರೆತರೆ ಎಲ್ಲವೂ ಸರಿಹೋಗುತ್ತದೆಂದು ಎಂದೂ ಆ ಕಿಟಕಿಯಲ್ಲಿ ಕೂರದ ಸಮಿತಿಯ ಸದಸ್ಯರು ಅಭಿಪ್ರಾಯಪಟ್ಟಿದ್ದಾರೆ.

10. ಈ ಸುತ್ತೋಲೆಯನ್ನು ಮುದ್ರಿತವಾಗಿರುವಂತೆಯೇ ಪಾಲಿಸತಕ್ಕದ್ದು. ತಿದ್ದುಪಡಿ ಬೇಕಿದ್ದಲ್ಲಿ ತಾಳೆ ಗುಮಾಸ್ತೆಯ ಸಹಿ ಕಡ್ಡಾಯ.

(ಸಹಿ)
ಶಾಖಾ ಮೇಲ್ವಿಚಾರಕರು
(ಬಿ.ಎ., ಸಂಜೆ ಕಾಲೇಜು, ಎರಡನೇ ದರ್ಜೆ)

ತಾಳೆ ನೋಡಿದೆ. ಮೂಲದಂತೆಯೇ ಇದೆ.
ತಾಳೆ ಗುಮಾಸ್ತೆ

ಪ್ರತಿಗಳು:
ಕಟ್ಟಡ ದುರಸ್ತಿ ಶಾಖೆಗೆ, ಆಸರೆಗಂಬಗಳನ್ನು ವಾಪಸು ಪಡೆಯುವ ಕೋರಿಕೆಯೊಂದಿಗೆ.
ಎಲೆಕ್ಟ್ರಿಷಿಯನ್ ಅವರಿಗೆ, ಸೂಕ್ತ ಕ್ರಮಕ್ಕಾಗಿ.
ಮೇಜಿನ ಕೆಳಗಿನ ಟೈಪ್‌ರೈಟರುಗಳಿಗೆ, ಮಾಹಿತಿಗಾಗಿ.
ಸೂಚನಾ ಫಲಕಕ್ಕೆ, ಯಾರೂ ಓದದಿರುವ ಸಲುವಾಗಿ.
ಕಚೇರಿ ಪ್ರತಿ.

(ಕಚೇರಿ ಪ್ರತಿಯ ಹಿಂಬದಿಯ ಟಿಪ್ಪಣಿ)

ಸೋಮವಾರ ಒಂಬತ್ತೂವರೆಗೆ ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದು, “ಸಾರ್, ಇದನ್ನ ಹಾಕ್ಬೇಕೋ ಬೇಡ್ವೋ? ಕಾಗದದಲ್ಲಿ ಬೇಡ ಅಂತಿದೆ” ಎಂದು ವಿಚಾರಿಸಿದರು. ಮೇಲ್ವಿಚಾರಕರು ಕರಡನ್ನು ತೆಗೆಸಿ ನೋಡಲಾಗಿ, ಕಂಡಿಕೆ 8ರಲ್ಲಿ ‘ಅಳವಡಿಸತಕ್ಕದ್ದು’ ಎಂದಿತ್ತು. ಮುದ್ರಿತ ಪ್ರತಿಯಲ್ಲಿ ‘ಅಳವಡಿಸತಕ್ಕದ್ದಲ್ಲ’ ಎಂದಾಗಿದೆ. ಬೆರಳಚ್ಚಿನ ತಂಗಿಯನ್ನು ಕರೆದು ಕೇಳಲಾಗಿ, “ಇದ್ದದ್ದನ್ನೇ ಹೊಡೆದಿದ್ದೀನಿ ಸಾರ್. ತಪ್ಪಿದ್ದಿದ್ರೆ ತಾಳೆ ಅಕ್ಕ ಬಿಡ್ತಿದ್ರಾ?” ಎಂದು ಹೇಳಿ ತಲೆ ತಗ್ಗಿಸಿಕೊಂಡು ಟೈಪು ಮುಂದುವರಿಸಿದರು.

ಕಂಡಿಕೆ 10ರಂತೆ ತಿದ್ದುಪಡಿಯ ಹಾಳೆಯನ್ನು ಬರೆದು, ಸಹಿಗಾಗಿ ಸದರಿ ನೌಕರರ ಮೇಜಿನವರೆಗೆ ಒಯ್ಯಲಾಯಿತು. ಅವರು ಎಡಗೈ ಬೆರಳನ್ನು ಮೂಲದ ಮೇಲೆ, ಬಲಗೈ ಬೆರಳನ್ನು ಪ್ರತಿಯ ಮೇಲೆ ಇಟ್ಟು, ತುಟಿ ಅಲ್ಲಾಡಿಸುತ್ತ ಬೇರೊಂದು ಕಡತ ಓದುತ್ತಿದ್ದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಮೇಲೆ ಬರಿಯ ಎರಡು ಕೊಂಡಿಗಳಿದ್ದವು. ಮೇಲ್ವಿಚಾರಕರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ವಾಪಸಾದರು. ಏಣಿಯನ್ನು ಕೆಳಗೆ ಕಳುಹಿಸಲಾಯಿತು.

ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಒಂದು ‘ಲ್ಲ’ ಆ ಕಣ್ಣುಗಳನ್ನು ದಾಟಿ ಹೋಗಿದೆ. ಅದು ತಾನಾಗಿ ತಪ್ಪಿಸಿಕೊಂಡಿತೋ, ಅದನ್ನು ಹೋಗಲು ಬಿಟ್ಟರೋ ಎಂಬುದು ಈ ಕಚೇರಿಗೆ ತಿಳಿದಿಲ್ಲ. ಕೇಳಿಲ್ಲ.