ಮೇಷ್ಟ್ರು ಹೋದರಂತೆ, ಫೋನಿನಲ್ಲಿದೆ

ವ್ಯವಹಾರ ಒಂದೂವರೆ ಲಕ್ಷದ್ದು. ಮಗಳ ಪಿಯುಸಿ ಕಾಮರ್ಸಿನ ಮೊದಲ ವರ್ಷದ ಫೀಸು. ಕಟ್ಟಿದ ಮೇಲೆ ವಾಪಸ್ ಬರುವುದಲ್ಲ. ಅವಳ ಷರತ್ತು ಒಂದೇ: ಮುಂದೆ ಸಿಎ ಮಾಡಬೇಕು, ಅಕೌಂಟ್ಸ್ ಚೆನ್ನಾಗಿ ಹೇಳಿಕೊಡುವವರು ಇರಬೇಕು. ಬೊಮ್ಮಸಂದ್ರದ ನನ್ನ ಪೈಪಿನ ಅಂಗಡಿಗೆ ಒಂದು ನಲ್ಲಿ ಬಂದರೂ ತಿರುಗಿಸಿ ನೋಡದೆ ಇಳಿಸಿಕೊಳ್ಳುವವನಲ್ಲ ನಾನು. ಕಾಲೇಜನ್ನು ಮಾತ್ರ ಮನೆಯವರೆಲ್ಲ ಸೋಫಾದಲ್ಲಿ ಕೂತು ಫೋನಿನಲ್ಲೇ ಆರಿಸಲು ಹೊರಟಿದ್ದರು. ಹಾಗೆ ಹೊರಟ ಮನೆಯಲ್ಲಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ನಾಲ್ಕೂವರೆ ಸ್ಟಾರ್

ಹೆಂಡತಿ ಮೊದಲು ಹಿಡಿದದ್ದು ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಕಾಲೇಜು. ಐದಕ್ಕೆ ನಾಲ್ಕೂವರೆ ಸ್ಟಾರ್ ಇದೆ, ಇನ್ನೇನು ನೋಡಬೇಕು ಅಂದಳು. ಕೊಟ್ಟವರು ಯಾರು ಅಂತ ನೋಡೋಣ ಎಂದು ನಾನು ಫೋನು ತೆಗೆದುಕೊಂಡೆ. ಒಬ್ಬ ಐದು ಸ್ಟಾರ್ ಕೊಟ್ಟು, ಗೇಟಿನ ಮುಂದೆ ಯೂ-ಟರ್ನ್ ಮಾಡಲು ಒಳ್ಳೆ ಜಾಗ ಅಂತ ಬರೆದಿದ್ದ. ಇನ್ನೊಬ್ಬರು, ಒಳಗೆ ಹೋಗಿಲ್ಲ, ಬಿಲ್ಡಿಂಗ್ ಚೆನ್ನಾಗಿದೆ ಅಂದಿದ್ದರು. ಮತ್ತೊಬ್ಬರು ಅಲ್ಲಿ ವೋಟು ಹಾಕಿ ಬಂದವರು, ಫ್ಯಾನು ತಿರುಗುತ್ತಿತ್ತಂತೆ.

"ಅಕೌಂಟ್ಸ್ ಬಗ್ಗೆ ಯಾರೂ ಹೇಳಿಲ್ವಲ್ಲ" ಅಂದೆ.

"ಕೆಟ್ಟದಾಗೂ ಹೇಳಿಲ್ವಲ್ರೀ" ಅಂದಳು.

ಮೂರು ಕಡೆ ತಾಳೆ

ಭಾಮೈದ ವೈಟ್‌ಫೀಲ್ಡಿನ ಕಂಪನಿಯಲ್ಲಿರುವವನು. ಒಂದೇ ಕಡೆ ನೋಡಿ ನಂಬಬಾರದು, ಮೂರು ಕಡೆ ತಾಳೆ ಹಾಕಬೇಕು ಅಂದ. ಮಾತು ಸರಿ. ಹಾಗೆ ತಾಳೆ ಹಾಕಿ ಹೊಸೂರು ರಸ್ತೆಯ ಇನ್ನೊಂದು ಕಾಲೇಜು ಹುಡುಕಿದ. ಮೂರು ಸೈಟೂ ಒಂದೇ ಮಾತು ಹೇಳುತ್ತಿದ್ದವು: ದೊಡ್ಡ ಲೈಬ್ರರಿ, ನುರಿತ ಅಧ್ಯಾಪಕರು, ಸಮುದ್ರ ಕಾಣುವ ಹಾಸ್ಟೆಲ್.

ನನ್ನ ವ್ಯಾಪಾರವೆಲ್ಲ ಹೊಸೂರು ರಸ್ತೆಯಲ್ಲೇ. ಸಮುದ್ರ ಎಲ್ಲೂ ಅಡ್ಡ ಬಂದಿಲ್ಲ. ಯಾವುದೋ ಊರಿನ ಕಾಲೇಜಿನ ವಿವರವನ್ನು ಒಬ್ಬ ತಪ್ಪಾಗಿ ಹಾಕಿದ್ದ, ಉಳಿದಿಬ್ಬರು ಅದನ್ನೇ ಎತ್ತಿದ್ದರು. ಅಂಗಡಿ ಮೂರು, ಮಾಲು ಒಂದೇ ಗೋಡೌನಿನದು. ಅಷ್ಟು ಹೇಳಿದರೂ ಭಾಮೈದ ಬಿಡಲಿಲ್ಲ.

"ಮೇಲಿನ ಫ್ಲೋರಿಂದ ಕೆರೆ ಕಾಣ್ಬೋದು ಭಾವ" ಅಂದ.

ನಾನು ಕೇಳಿದ್ದು

ಕೊನೆಗೆ ಮಗಳೇ ಆನೇಕಲ್ ದಾರಿಯ ಒಂದು ಸಣ್ಣ ಕಾಲೇಜು ಹೇಳಿದಳು. ಅಲ್ಲಿನ ಅಕೌಂಟ್ಸ್ ಮೇಷ್ಟ್ರ ಹತ್ತಿರ ಅವಳ ಗೆಳತಿಯ ಅಕ್ಕ ಓದಿದ್ದಳಂತೆ. ಇದು ಕಣ್ಣಾರೆ ಕಂಡವರ ಮಾತು, ನನಗೆ ಹಿಡಿಸಿತು. ಆದರೆ ಒಳ್ಳೆ ಮೇಷ್ಟ್ರನ್ನು ಬೇರೆ ಕಾಲೇಜಿನವರು ಎಳೆದುಕೊಳ್ಳುವುದೂ ಉಂಟು. ದುಡ್ಡು ಕಟ್ಟುವ ಮುಂಚೆ ಪೋಷಕರ ಸೈಟೊಂದರಲ್ಲಿ ನನ್ನ ಹೆಸರು ಹಾಕದೆ ಕೇಳಿದೆ: ಆ ಕಾಲೇಜಿನ ಅಕೌಂಟ್ಸ್ ಮೇಷ್ಟ್ರು ಈ ವರ್ಷ ಇರ್ತಾರಾ, ಬಿಟ್ಟು ಹೋಗ್ತಾರಾ?

ಎರಡು ಮೂರು ದಿನ ಬಿಟ್ಟು ಹೆಂಡತಿ ಫೋನಿನ ಎಐಯನ್ನು ವಿಚಾರಿಸಿದಳು. ಮೇಷ್ಟ್ರು ಬಿಡಬಹುದೆಂದು ಪೋಷಕರಲ್ಲಿ ಚರ್ಚೆಯಿದೆ ಅಂದಿತು ಅದು. ಯಾವ ಪೋಷಕರು ಅಂತ ಒತ್ತಿ ನೋಡಿದರೆ, ನಾನು. ಅಷ್ಟರಲ್ಲಿ ಭಾಮೈದನ ಫೋನು: ವಾಟ್ಸಾಪ್ ಗ್ರೂಪಿನ ಸುದ್ದಿಯಲ್ಲಿ ಮೇಷ್ಟ್ರು ಕಾಲೇಜು ಬಿಟ್ಟು ಹೋಗಿಯೇಬಿಟ್ಟಿದ್ದರು. ಮಗಳು ಮಧ್ಯಾಹ್ನದ ಊಟದ ತಟ್ಟೆ ತಳ್ಳಿ ಎದ್ದಳು. ಗಾಡಿ ತೆಗೆದು ಅವಳನ್ನು ಕಾಲೇಜಿಗೇ ಕರೆದುಕೊಂಡು ಹೋದೆ.

ಗೇಟಿನಲ್ಲಿ ಆಗಲೇ ಪೋಷಕರ ಗುಂಪು. ಮೇಷ್ಟ್ರು ಸೀಮೆಸುಣ್ಣದ ಕೈಯಲ್ಲೇ ಹೊರಗೆ ಬಂದು, ನಾನೆಲ್ಲೂ ಹೋಗಿಲ್ಲ, ಕ್ಲಾಸಿನಲ್ಲಿದ್ದೆ ಅಂದರು.

ಮುಂದೆ ನಿಂತಿದ್ದವರೊಬ್ಬರು ಫೋನು ಎತ್ತಿ ತೋರಿಸಿದರು. "ನೀವು ಹಂಗಂತೀರ ಸಾರ್. ಆದ್ರೆ ಇದರಲ್ಲಿ ಬೇರೆ ಇದೆಯಲ್ಲ."

ಮೇಷ್ಟ್ರಿಗಿಂತ ಗಾಬರಿಯಾದದ್ದು ಪ್ರಿನ್ಸಿಪಾಲರಿಗೆ. ಇಷ್ಟು ಜನ ಹೇಳುತ್ತಿದ್ದಾರೆ ಅಂದಮೇಲೆ ಒಳಗೊಳಗೇ ಏನೋ ನಡೆದಿದೆ ಅಂದುಕೊಂಡು, ಮೇಷ್ಟ್ರನ್ನು ಒಳಗೆ ಕರೆದು, ಸಂಬಳ ಏರಿಸಿ, ಎರಡು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡರು. ಹೊರಗೆ ಬಂದು ಅದನ್ನು ತಾವೇ ಸಾರಿದರು. ನಾನು ಅಲ್ಲೇ ಫೀಸು ಕಟ್ಟಿದೆ.

ಒಟ್ಟು ಲಾಭ: ಮಗಳಿಗೆ ಸೀಟು, ಮೇಷ್ಟ್ರಿಗೆ ಸಂಬಳ, ಪೋಷಕರಿಗೆ ಎರಡು ವರ್ಷದ ನೆಮ್ಮದಿ. ಹಾಕಿದ ಬಂಡವಾಳ ಒಂದು ಪ್ರಶ್ನೆ. ಅದಕ್ಕೆ ಆ ಸೈಟಿನಲ್ಲಿ ಇವತ್ತಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ.