ಮೆತ್ತಗಿನ ದೊರೆ

ಬೀದಿಯ ಆಟ ನೋಡಲು ತಾವೇ ಬರುವುದಾಗಿ ಕಚೇರಿಯ ಸಾಹೇಬರು ಹೇಳಿಕಳಿಸಿದರು. ಗುಮಾಸ್ತನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಆ ಆಟಕ್ಕೆ ವೇದಿಕೆ ಇಲ್ಲ. ಮನೆಗಳ ನಡುವಿನ ಅಂಗಳದಲ್ಲಿ ಸುತ್ತಲೂ ಒಂದು ಸುಣ್ಣದ ಗೆರೆ, ಅದರಾಚೆ ಜನ. ದೊರೆ ಒಳಗೆ ಬಂದು "ಈ ನೆಲ ನನ್ನದು" ಎಂದು ಗರ್ಜಿಸಬೇಕು. ಕೋಡಂಗಿ ಅವನನ್ನು ಅಣಕಿಸಬೇಕು. ಕೊನೆಗೆ ಕೂತ ಜನರೇ ಎದ್ದು ದೊರೆಯನ್ನು ಗೆರೆಯಾಚೆ ನೂಕಬೇಕು. ನೂಕಿದರೇ ಆಟ ಮುಗಿದಂತೆ. ಹನ್ನೆರಡು ವರ್ಷದಿಂದ ದೊರೆ ನಮ್ಮ ಗುಮಾಸ್ತನೇ. ಕಚೇರಿಯಲ್ಲಿ ತುಟಿ ಬಿಚ್ಚದ ಈ ಮನುಷ್ಯ ವರ್ಷಕ್ಕೊಮ್ಮೆ ಇಲ್ಲಿ ಬಾಯಿ ತೆರೆದರೆ ಹಂಚು ಅದುರುತ್ತಿತ್ತು.

ಈ ಸಲ ಅದೇ ಅಂಗಳದ ಮೇಲೆ ಕಚೇರಿಯ ಕಣ್ಣು ಬಿದ್ದಿತ್ತು. ಅಲ್ಲಿ ಗೋದಾಮು ಕಟ್ಟುವ ಕಡತ ಸಾಹೇಬರ ಸಹಿಗಾಗಿ ಕಾದಿತ್ತು.

ಆಟದ ದಿನ ಬೆಳಿಗ್ಗೆಯೇ ಕೋಡಂಗಿ ಪಾತ್ರದ ದರ್ಜಿ ಬಂದ. "ಸಾಹೇಬ್ರ ಥರಾನೇ ಕನ್ನಡಕ ಹಾಕ್ಕೋ, ಅವರ ಥರಾನೇ ಕೆಮ್ಮು. ಜನ ರೊಚ್ಚಿಗೇಳ್ಬೇಕು, ಅವರು ನಡುಗಬೇಕು!"

"ನಾಳೆ ಅವರ ಮುಂದೆ ನಿಲ್ಲೋನು ನಾನು ಕಣಯ್ಯಾ!"

ಎದುರುಮನೆಯ ನಿವೃತ್ತ ಮೇಷ್ಟ್ರು ಗರ್ಜನೆ ಕಲಿಸಲು ಬಂದು ತಾವೇ ಗಂಟಲು ಕಟ್ಟಿಸಿಕೊಂಡು ಹೋದರು. ಹೆಂಡತಿ ಒಳಗಿನಿಂದಲೇ ಹೇಳಿದಳು, "ರೀ, ನಮ್ಮನೆ ಬಟ್ಟೆ ಒಣಗೋದೂ ಅದೇ ಅಂಗಳದಲ್ಲಿ. ನೆನಪಿರ್ಲಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡ ಗುಮಾಸ್ತ.

ಸಂಜೆ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತರು. ದೊರೆ ಗೆರೆ ದಾಟಿ ಬಂದವನೇ ಕೈಮುಗಿದ. "ಈ ನೆಲ... ನಿಮ್ದೇ. ದೊಡ್ಡ ಮನಸ್ಸು ಮಾಡಿ ಒಂಚೂರು ಬಿಟ್ಕೊಟ್ರೆ..."

"ಗರ್ಜಿಸೋ!" ಎಂದು ಪಿಸುಗುಟ್ಟಿ ಕೋಡಂಗಿ ಕಾಲು ತುಳಿದ. ದೊರೆ "ಅಯ್ಯೋ" ಎಂದು ಕುಸಿದ. ಜನ ಮರುಗಿದರು.

"ಪಾಪ, ಅಷ್ಟು ಬಾಯ್ಬಿಟ್ಟು ಕೇಳ್ತಿದಾನೆ, ಕೊಟ್ಬಿಡ್ರೋ!" ಎಂದಳು ಮುಂದೆ ಕೂತಿದ್ದ ಅಜ್ಜಿ. ಚಪ್ಪಾಳೆ ಬಿತ್ತು. ನೂಕಲು ಒಬ್ಬರೂ ಏಳಲಿಲ್ಲ.

ಸಾಹೇಬರು ಬಂದು ಕೈ ಕುಲುಕಿದರು. "ಇಲ್ಲಿಯ ಜನ ಬೆಂಕಿ ಅಂತ ಹೆದರಿಸಿದ್ರು. ಗಲಾಟೆಯ ಸಣ್ಣ ಸುಳಿವು ಸಿಕ್ಕಿದ್ರೂ ಸಾಕು, ಗೋದಾಮಿನ ಕಡತ ಮುಚ್ಚಿಬಿಡೋಣ ಅಂತಾನೇ ಇವತ್ತು ನೋಡೋಕೆ ಬಂದೆ. ಎಷ್ಟು ಸಾಧು ಜನ ಕಣ್ರೀ! ರಾತ್ರಿನೇ ಸಹಿ ಹಾಕ್ತೀನಿ. ಬೆಳಿಗ್ಗೆ ಅಳತೆಗೆ ನೀವೇ ನಿಲ್ಲಿ."

"ಸಾಹೇಬ್ರೇ, ಜನಕ್ಕೆ ನಿಜವಾಗ್ಲೂ ಸಿಟ್ಟಿದೆ..."

"ತಮಾಷೆ ಬೇಡ. ನಾನೇ ಕಣ್ಣಾರೆ ನೋಡಿದ್ನಲ್ಲ?"

ಹನ್ನೆರಡು ವರ್ಷ ಸುಮ್ಮಸುಮ್ಮನೆ ಗರ್ಜಿಸಿದವನಿಗೆ, ಬೇಕಾದ ದಿನ ಒಂದೇ ಒಂದು ಗರ್ಜನೆ ಹೊರಡಲಿಲ್ಲವಲ್ಲ ಎಂದುಕೊಳ್ಳುತ್ತಾ ಗುಮಾಸ್ತ ದೊರೆಯ ವೇಷ ಕಳಚಿದ.

ಬೆಳಿಗ್ಗೆ ಟೇಪು ಹಿಡಿದು ಅಂಗಳಕ್ಕಿಳಿದ. ಎಲ್ಲ ಬಾಗಿಲೂ ಮುಚ್ಚಿದ್ದವು. ಇನ್ನೊಂದು ತುದಿ ಹಿಡಿಯಲು ಜನವಿಲ್ಲದೆ ಅದರ ಮೇಲೊಂದು ಕಲ್ಲು ಹೇರಿ, ಒಬ್ಬನೇ ಅಳೆಯತೊಡಗಿದ. ಕಿಟಕಿಯಿಂದ ಹೆಂಡತಿಯ ದನಿ ಬಂತು.

"ರೀ, ತಿಂಡಿಗೆ ಬರ್ತೀರಾ? ಇಲ್ಲಾ ಅದನ್ನೂ ಸಾಹೇಬ್ರನ್ನೇ ಕೇಳ್ಬೇಕಾ?"