ಒಬ್ಬಟ್ಟಿನ ಸಾರು ಮತ್ತು ಗ್ರೀಕರ ಕಪ್ಪು ಪಿತ್ತ

ನಾಲ್ಕು ಜನ ಸೇರಿದ ಕಡೆ ನಾಲ್ಕು ಒಳ್ಳೆಯ ಮಾತಾಡಬಲ್ಲೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯ ಇದ್ದದ್ದು ನನ್ನ ಹೆಂಡತಿ ಸುಧಾಳಿಗೆ ಮಾತ್ರ. ಅವಳ ಸಂಶಯವೇ ಸರಿ ಎಂದು ಈ ಸಲದ ಯುಗಾದಿಯಂದು, ನೈರೋಬಿಯ ಹೈರಿಡ್ಜ್‌ನ ಬಾಡಿಗೆ ಹಾಲ್ ಒಂದರಲ್ಲಿ, ಸಮಸ್ತ ಕನ್ನಡಿಗರ ಸಮ್ಮುಖದಲ್ಲಿ, ಮೈಕ್ ಹಿಡಿದು ಸಾಬೀತುಪಡಿಸಿದ ಕೀರ್ತಿ ನನ್ನದು.

ನಾನು ಬ್ಯಾಂಕೊಂದರ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರಿನಿಂದ ಇಲ್ಲಿಗೆ ಬಂದವನು. ಆದರೆ ನನ್ನ ಮುಖ್ಯ ಉದ್ಯೋಗವೆಂದರೆ ಮನೆಗೂ ಆಫೀಸಿಗೂ ನಡುವೆ ಟ್ರಾಫಿಕ್‌ನಲ್ಲಿ ಕೂರುವುದು. ಎಡಕ್ಕೊಂದು ಮಟಾಟು ಮಿನಿಬಸ್ಸು, ಬಲಕ್ಕೊಂದು ಮಟಾಟು, ಎರಡರಲ್ಲೂ ಎದೆ ನಡುಗಿಸುವ ಹಾಡು! ಆ ಹೊತ್ತು ದಂಡವಾಗಬಾರದೆಂದು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಪ್ರಾಚೀನ ಗ್ರೀಕರ ಬಗ್ಗೆ ಉಪನ್ಯಾಸ ಕೇಳತೊಡಗಿದೆ. ಅವರ ಯುದ್ಧಗಳು ತಲೆಗೆ ಹತ್ತಲಿಲ್ಲ. ತತ್ತ್ವಶಾಸ್ತ್ರವಂತೂ ಹತ್ತಿರಕ್ಕೂ ಬರಲಿಲ್ಲ. ಹತ್ತಿದ್ದು ಒಂದೇ ಪಾಠ. ರಸ, ಲೋಳೆ, ಬೆವರು, ಪಸೆ ಇವಕ್ಕೆಲ್ಲ ಅವರು ಇಟ್ಟಿದ್ದ ಹೆಸರುಗಳ ಪಾಠ.

ಅಬ್ಬಬ್ಬಾ, ಎಷ್ಟು ಹೆಸರು! ಹಣ್ಣಿನಿಂದ ಹಿಂಡಿದ ರಸಕ್ಕೂ, ಮೈಯೊಳಗೆ ಹರಿಯುವ ರಸಕ್ಕೂ ಖುಮೊಸ್. ಗಂಜಿಯ ತಿಳಿಗೆ ಖುಲೊಸ್. ಅಂಜೂರದ ಗಿಡ ಚಿವುಟಿದರೆ ಬರುವ ಹಾಲಿಗೆ ಒಪೊಸ್. ಬೆವರಿಗೆ ಹಿದ್ರೋಸ್, ಕಣ್ಣೀರಿಗೆ ದಾಕ್ರು, ಜೊಲ್ಲಿಗೆ ಸಿಯಲೊನ್, ಸಿಂಬಳಕ್ಕೆ ಮುಕ್ಸಾ. ಸುಮ್ಮನೆ ಎಲ್ಲಾದರೂ ಒಂದಿಷ್ಟು ಪಸೆ ಇದ್ದರೆ ಅದಕ್ಕೂ ಒಂದು ಹೆಸರು, ಇಕ್ಮಾಸ್! ಇಂಥ ಸಂಪತ್ತನ್ನು ಒಬ್ಬನೇ ಬಚ್ಚಿಟ್ಟುಕೊಳ್ಳುವುದು ನನಗೆ ಅನ್ಯಾಯವೆನಿಸಿತು.

ಮೊದಲು ಮನೆಯಲ್ಲಿ ಹಂಚಲು ನೋಡಿದೆ. ಇಲ್ಲೇ ಬೆಳೆದ ನನ್ನ ಮಗಳು ಅನನ್ಯಾ ಕನ್ನಡದಲ್ಲಿ ಎಲ್ಲ ಕೇಳಿಸಿಕೊಂಡು, "ಅಪ್ಪಾ, ದಟ್ಸ್ ಸೋ ಗ್ರೋಸ್" ಎಂದು ಇಂಗ್ಲಿಷಿನಲ್ಲಿ ಎದ್ದುಹೋದಳು. ಸುಧಾ ಹುರುಳಿಕಾಯಿ ಹೆಚ್ಚುತ್ತಿದ್ದವಳು ಈಳಿಗೆಯಿಂದ ತಲೆ ಎತ್ತದೆ, "ರೀ, ಅಡುಗೆಮನೇಲಿ ಸಿಂಬಳದ ಮಾತು ಬೇಡ" ಎಂದಳು. ಮನೆಯವರಿಗೆ ನಮ್ಮ ಬೆಲೆ ತಿಳಿಯುವುದಿಲ್ಲ. ನಾನು ದೊಡ್ಡ ಸಭೆಗಾಗಿ ಕಾದೆ.

ಸಭೆ ಯುಗಾದಿಗೆ ಒದಗಿಬಂತು. ಆದರೆ ಆ ದಿನ ನಿಜಕ್ಕೂ ಸುಧಾಳದ್ದು. ಮೈಸೂರಿನಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು. ನನ್ನ ಹಿಂದೆ ಇಲ್ಲಿಗೆ ಬಂದ ಮೇಲೆ ಮನೆಯೇ ಗತಿಯಾಯಿತು. "ಎಲ್ಲಿ ಹೋದ್ರೂ ನಾನು ಶ್ರೀಧರನ ಹೆಂಡತಿ. ನನ್ನದು ಅಂತ ಇಲ್ಲಿ ಏನಿದೆ ಹೇಳಿ?" ಎಂದು ಅವಳು ಒಮ್ಮೆ ಕೇಳಿದ್ದಳು. ಉತ್ತರವನ್ನು ಅವಳೇ ಹುಡುಕಿಕೊಂಡಳು. ಅಡುಗೆ! ಯುಗಾದಿಯ ಊಟದ ಪೂರ್ತಿ ಹೊಣೆ ಹೊತ್ತಳು. ಆ ಊಟಕ್ಕೆ ಸಿರಿವಂತರ ಬಡಾವಣೆಯಾದ ರುಂಡಾದಿಂದ ವಿಮಲಮ್ಮನವರು ಬರುವವರಿದ್ದರು. ಅವರ ಮಗಳ ನಿಶ್ಚಿತಾರ್ಥ ಹತ್ತಿರವಿತ್ತು. ಅದರ ಅಡುಗೆಯನ್ನು ಯಾರ ಕೈಗೆ ಕೊಡಬೇಕೆಂಬುದನ್ನು ಅವರು ಸುಧಾಳ ಒಬ್ಬಟ್ಟಿನ ಸಾರಿನ ರುಚಿ ನೋಡಿ ತೀರ್ಮಾನಿಸುವವರಿದ್ದರು. ವಿಮಲಮ್ಮ ಹೂಂ ಎಂದರೆ ನೈರೋಬಿಯ ಕನ್ನಡದ ಮನೆಗಳೆಲ್ಲ ಹೂಂ ಎಂದಂತೆ.

"ನೀವು ಇವತ್ತು ಏನೂ ಮಾಡಬೇಡಿ. ಸುಮ್ನೆ ಒಂದು ಕಡೆ ಕೂತಿರಿ. ಅದೇ ದೊಡ್ಡ ಸಹಾಯ" ಎಂದಳು ಸುಧಾ, ಕಾರಿನಲ್ಲಿ.

"ನಾನೇನು ಮಾಡ್ತೀನಿ? ನಾನು ಬರೀ ನೆಂಟ" ಎಂದೆ. ಹಾಗೆಂದೇ ತಿಳಿದಿದ್ದೆ ಕೂಡ.

ಪಂಕ್ತಿ ಕೂತಿತು. ಉದ್ದನೆಯ ಮೇಜುಗಳ ಮೇಲೆ ಬಾಳೆಲೆ. ಕೋಸಂಬರಿ, ಬೀಟ್‌ರೂಟ್ ಪಲ್ಯ, ಮೆಂತ್ಯದ ಗೊಜ್ಜು, ಚಿತ್ರಾನ್ನ, ಒಬ್ಬಟ್ಟು, ತುದಿಗೆ ಒಂದು ಸೌಟು ಗಸಗಸೆ ಪಾಯಸ, ಎಲ್ಲ ಬಡಿಸಿದ್ದಾಯಿತು. ಅಷ್ಟರಲ್ಲಿ ಅನ್ನ ಬೇಯುತ್ತಿದ್ದ ಒಲೆಯ ಗ್ಯಾಸ್ ಖಾಲಿ! ಹೊಸ ಸಿಲಿಂಡರ್ ಬೋಡಾ ಬೋಡಾದವನ ಬಾಡಿಗೆ ಬೈಕಿನ ಹಿಂದೆ ಕೂತು ಬರುತ್ತಿದೆಯೆಂದು ಸುದ್ದಿ ಬಂತು. ನಮ್ಮ ಪಂಕ್ತಿಯ ಕಟ್ಟಳೆ ಗೊತ್ತೇ ಇದೆ. ಅನ್ನ, ತೊವ್ವೆ, ತುಪ್ಪ ಎಲ್ಲರ ಎಲೆಗೂ ಬಿದ್ದು, ಹಿರಿಯರು ಕೈಯಿಡುವವರೆಗೆ ಯಾರೂ ಒಂದು ಕಾಳು ಬಾಯಿಗೆ ಹಾಕುವಂತಿಲ್ಲ. ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳುವಂತೆಯೂ ಇಲ್ಲ.

ಕನ್ನಡ ಸಂಘದ ಕಾರ್ಯದರ್ಶಿ ಪ್ರಕಾಶ ಮೈಕ್ ಹಿಡಿದು, "ಯಾರಾದ್ರೂ ಐದು ನಿಮಿಷ ಹಾಡೋದು, ಮಾತಾಡೋದು ಮಾಡ್ತೀರಾ?" ಎಂದ. ಹಾಡಲೆಂದು ಒಬ್ಬ ಹೆಂಗಸು ಗಂಟಲು ಸರಿಮಾಡಿಕೊಂಡರು. ಅವರು ಸರಿಮಾಡಿಕೊಳ್ಳುವುದರೊಳಗೆ ಮೈಕ್ ನನ್ನ ಕೈಯಲ್ಲಿತ್ತು. ಬಾಯಿ ಕಟ್ಟಿಕೊಂಡು ಕೂತಿರುವ, ಎದ್ದುಹೋಗಲಾರದ ಸಭೆ! ಭಾಷಣಕಾರನ ಪೂರ್ವಜನ್ಮದ ಪುಣ್ಯವಿಲ್ಲದೆ ಇಂಥದ್ದು ಸಿಗುತ್ತದೆಯೇ?

"ಮಾನ್ಯರೇ," ಎಂದೆ, "ಪ್ರಾಚೀನ ಗ್ರೀಕರ ಪ್ರಕಾರ ಮನುಷ್ಯನ ಮೈಯಲ್ಲಿ ನಾಲ್ಕು ರಸಗಳು. ಮೊದಲನೆಯದು ಹೈಮಾ, ಅಂದರೆ ರಕ್ತ."

ಯಾರ ಮುಖದಲ್ಲೂ ಕಳೆಯಿಲ್ಲ. ಉದಾಹರಣೆ ಕಣ್ಣೆದುರು ಇದ್ದರೆ ಪಾಠ ಬೇಗ ಹತ್ತುತ್ತದೆಂದು ನನಗೆ ಆಗಲೇ ಹೊಳೆಯಬೇಕೆ?

"ನಿಮ್ಮ ಎಲೆಯ ಬೀಟ್‌ರೂಟ್ ಪಲ್ಯ ನೋಡಿ. ಕೆಳಗೆ ಕೆಂಪಗೆ ನೀರು ಬಿಟ್ಟಿದೆಯಲ್ಲ? ಹಾಗೇ!"

ಎಲ್ಲರೂ ಬಗ್ಗಿ ನೋಡಿದರು. ಸಭೆ ನನ್ನ ಹಿಡಿತಕ್ಕೆ ಬಂತೆಂದು ನಾನು ಹಿಗ್ಗಿದೆ.

"ಎರಡನೆಯದು ಫ್ಲೆಗ್ಮಾ, ಕಫ. ತಣ್ಣಗೆ, ಬೆಳ್ಳಗೆ, ಸ್ವಲ್ಪ ಅಂಟಂಟು." ನನ್ನ ಬೆರಳು ತಾನಾಗಿಯೇ ಎಲೆಯ ತುದಿಯ ಪಾಯಸದ ಕಡೆಗೆ ಹೋಯಿತು. "ಇದೇ ಪಾಯಸದಿಂದ ಇನ್ನೊಂದು ಪದವನ್ನೂ ಕಲಿಯಬಹುದು. ಖುಲೊಸ್! ಉಂಡದ್ದು ಅರಗಿದ ಮೇಲೆ ಕರುಳಿನಿಂದ ಹೊರಡುವ ಹಾಲಿನಂಥ ದ್ರವಕ್ಕೆ ವೈದ್ಯರು ಇವತ್ತಿಗೂ ಈ ಹೆಸರನ್ನೇ ಬಳಸುತ್ತಾರೆ. ಅಲ್ಲವೇ ಡಾಕ್ಟ್ರೇ?"

ಪಂಕ್ತಿಯ ತಲೆಯಲ್ಲಿ ಕೂತಿದ್ದವರು ನಮ್ಮೆಲ್ಲರ ಹಿರಿಯರಾದ ಡಾಕ್ಟರ್ ನರಸಿಂಹಯ್ಯ. ಈ ಊರಿನಲ್ಲೇ ಡಾಕ್ಟರಿಕೆ ಮಾಡಿ ನಿವೃತ್ತರಾದವರು. ಅವರಾದರೂ ನನ್ನನ್ನು ಗದರಿಸಿ ಕೂರಿಸಬಹುದಿತ್ತು. ಪುಣ್ಯಾತ್ಮ, ಅರಳಿಬಿಟ್ಟರು!

"ಕರೆಕ್ಟಪ್ಪಾ ಶ್ರೀಧರ! ನನ್ನ ಪೇಷಂಟ್ ಒಬ್ಬನಿಗೆ ಅದು ಎದೆಯೊಳಗೆ ಸೋರಿ ತುಂಬ್ಕೊಂಡಿತ್ತು. ಸೂಜಿ ಹಾಕಿ ಎಳೆದ್ರೆ ಥೇಟ್ ಹಿಂಗೇ!" ಎಂದು ಅವರೂ ಪಾಯಸ ತೋರಿಸಿದರು.

ವಿಮಲಮ್ಮನವರು ತಮ್ಮ ಎಲೆಯನ್ನು ಒಂದು ಅಂಗುಲ ಮುಂದಕ್ಕೆ ತಳ್ಳಿದರು. ನಾನು ನೋಡಿದೆ. ಜಾಗ ಸಾಲದೆ ತಳ್ಳಿದರೆಂದು ತಿಳಿದೆ.

ಸಿಲಿಂಡರ್ ಬಂದು, ಅನ್ನ ಬೆಂದು, ಬಡಿಸುವವರು ಹೊರಟರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ರಸ ಎಂದು ಹೇಳಿ ಎರಡಕ್ಕೆ ಕೂರುವುದು ಮೋಸವಲ್ಲವೇ? ಅನ್ನದ ಮೇಲೆ ತೊವ್ವೆ ಬೀಳುತ್ತಿದ್ದಂತೆ, "ಮೂರನೆಯದು ಇಗೋ ಬಂತು! ಖೊಲೆ, ಹಳದಿ ಪಿತ್ತ" ಎಂದು ಸ್ವಾಗತಿಸಿದೆ. ತುಪ್ಪ ಬಂತು. "ದೇವತೆಗಳ ಮೈಯಲ್ಲಿ ರಕ್ತವಿಲ್ಲ, ಇಖೋರ್ ಹರಿಯುತ್ತದೆ" ಎಂದೆ. ಎರಡು ಮುಖ ಅರಳಿದವು. ವಿಮಲಮ್ಮನವರ ಕೈ ಎಲೆಯ ಕಡೆಗೆ ಬರುತ್ತಿತ್ತು. "ಆಮೇಲಿನ ವೈದ್ಯರು ಅದೇ ಹೆಸರನ್ನು ಗಾಯದಿಂದ ಒಸರುವ ನೀರಿಗೂ ಕೊಟ್ಟರು" ಎಂದು ಸೇರಿಸಿದೆ. ಕೈ ವಾಪಸ್ಸು ಹೋಯಿತು!

ಡಾಕ್ಟರು ಎಲೆಗೆ ಕೈಯಿಟ್ಟು ಊಟಕ್ಕೆ ಅಪ್ಪಣೆ ಕೊಟ್ಟರು. ಉಂಡವರು ಅವರೊಬ್ಬರೇ. ಉಳಿದವರು ಅನ್ನವನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ ಕೂತರು.

ಆಗ ಸುಧಾ ಬಂದಳು. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಸಾರಿನ ಬಕೆಟ್ ಹಿಡಿದು, ಮುಖದ ತುಂಬ ನಗು. ಅಡುಗೆಮನೆಯಲ್ಲಿ ಗ್ಯಾಸಿನ ಹಿಂದೆ ಬಿದ್ದಿದ್ದವಳಿಗೆ ನನ್ನ ಭಾಷಣದ ಒಂದು ಅಕ್ಷರವೂ ಕೇಳಿಸಿರಲಿಲ್ಲ. ಬೇಳೆಯ ಕಟ್ಟು, ಹೂರಣ, ಹುಣಸೆ, ಊರಿನಿಂದ ತಂದ ಸಾರಿನ ಪುಡಿ ಎಲ್ಲ ಕೂಡಿದ ಸಾರು ಗಾಢವಾಗಿ, ಮಂದವಾಗಿ ಕುದಿದಿತ್ತು. ಬಣ್ಣ ಕಪ್ಪು.

ನಾನು ಬೇಕೆಂದು ಹೇಳಲಿಲ್ಲ, ಖಂಡಿತ. ಅದೇ ಹೊತ್ತಿಗೆ ಪಾಠ ಅಲ್ಲಿಗೆ ಬಂದಿತ್ತು, ಅಷ್ಟೆ. "ನಾಲ್ಕನೆಯದು, ಎಲ್ಲಕ್ಕಿಂತ ಕೆಟ್ಟದ್ದು," ಎಂದಿತು ಮೈಕ್, "ಮೆಲೈನಾ ಖೊಲೆ. ಕಪ್ಪು ಪಿತ್ತ!"

"ಸಾರು?" ಎಂದಳು ಸುಧಾ ಮೊದಲ ಎಲೆಯವರಿಗೆ. ಅವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. "ಸಾರು?" ಎರಡನೆಯವರೂ ಹಿಡಿದರು. ಮೂರನೆಯವರು ಕೇಳುವ ಮೊದಲೇ ಹಿಡಿದರು. ವಿಮಲಮ್ಮನವರು ಎರಡೂ ಕೈ ಹಿಡಿದರು! ಸುಧಾಳ ನಗು ಎಲೆಯಿಂದೆಲೆಗೆ ಸಣ್ಣದಾಗುತ್ತ ಹೋಯಿತು. ಕೊನೆಗೆ ಅವಳು ಬಕೆಟ್ ಹಿಡಿದು ನಿಂತಲ್ಲೇ ನಿಂತು ನನ್ನ ಕಡೆ ನೋಡಿದಳು. ಕೈಯಲ್ಲಿದ್ದ ಮೈಕನ್ನೂ ನೋಡಿದಳು. ಆಗಷ್ಟೇ, ಮಾನ್ಯರೇ, ಆಗಷ್ಟೇ ನನಗೆ ಅರ್ಥವಾಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಮಾನ ಉಳಿಯುತ್ತಿತ್ತೇನೋ. ನಾನು ಪರಿಹಾರಕ್ಕಿಳಿದೆ.

"ದಯವಿಟ್ಟು ಯಾರೂ ತಪ್ಪು ತಿಳಿಯಬಾರದು," ಎಂದು ಘೋಷಿಸಿದೆ. "ಈ ಸಾರಿನಲ್ಲಿ ಪಿತ್ತ ಇಲ್ಲ! ಕಫ ಇಲ್ಲ! ನನ್ನ ಹೆಂಡತಿಯ ಬೆವರು ಸಹ ಒಂದು ಹನಿ ಇಲ್ಲ!"

ಅದುವರೆಗೆ ಬೆವರಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಒಬ್ಬರು ಚಿತ್ರಾನ್ನವನ್ನೂ ಪಕ್ಕಕ್ಕೆ ತಳ್ಳಿದರು.

"ಬಿಟ್ಬಿಡಿ ರೀ" ಎಂದಳು ಸುಧಾ ಹಲ್ಲು ಕಚ್ಚಿ.

ಬಿಡುವುದೇ? ಮಾತಿನಲ್ಲಿ ಕೆಟ್ಟದ್ದನ್ನು ಕೃತಿಯಲ್ಲಿ ಸರಿಪಡಿಸುತ್ತೇನೆಂದು ಒಂದು ಸ್ಟೀಲ್ ಲೋಟ ತೆಗೆದುಕೊಂಡು ಬಕೆಟ್ಟಿನಲ್ಲಿ ಅದ್ದಿ, "ನೋಡಿ, ನಾನೇ ಕುಡಿಯುತ್ತೇನೆ!" ಎಂದು ಎಲ್ಲರೆದುರು ಎತ್ತಿ ಗಟಗಟ ಸುರಿದುಕೊಂಡೆ. ಸಾರು ಒಲೆಯಿಂದ ಇಳಿದು ಬಂದದ್ದು ಆಗಷ್ಟೇ ಎಂಬುದು ಮರೆತುಹೋಗಿತ್ತು. ಅರ್ಧ ಹೊಟ್ಟೆಗೆ ಹೋಯಿತು. ಉಳಿದರ್ಧ ನೆತ್ತಿಗೇರಿತು!

ಆಮೇಲಿನದನ್ನು ನಾನು ನೋಡಲಿಲ್ಲ, ಕಣ್ಣು ತುಂಬಿತ್ತು. ಕೆಮ್ಮು ಬಂತು. ಕೆಮ್ಮಿನ ಹಿಂದೆ ಸೀನು. ಮೂಗು ಸುರಿಯಿತು, ಹಣೆ ಬೆವರಿತು, ಬಾಯಿಂದ ಏನೇನೋ ಹೊರಟಿತು. ಮೈಕ್ ಆನ್ ಇದ್ದದ್ದರಿಂದ ಪ್ರತಿಯೊಂದೂ ಹಾಲ್‌ನ ಮೂಲೆಮೂಲೆಗೆ ಸ್ಪಷ್ಟವಾಗಿ ತಲುಪಿತು. ಅದರ ನಡುವೆ ನನ್ನ ಮಗಳ ದನಿ ಕೇಳಿಸಿತು. "ಮಮ್ಮೀ, ಅಪ್ಪಾ ಈಸ್ ಡೂಯಿಂಗ್ ಆಲ್ ಆಫ್ ದೆಮ್!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಡುಗೆಗೆ ಕೈಜೋಡಿಸಲು ಬಂದಿದ್ದ ಗ್ರೇಸ್ ಎಂಬಾಕೆಯೊಬ್ಬಳೇ "ಪೋಲೆ, ಪೋಲೆ" ಎಂದು ಸ್ವಾಹಿಲಿಯಲ್ಲಿ ಮರುಗುತ್ತ ನೀರು ತಂದುಕೊಟ್ಟಳು. ಡಾಕ್ಟರು ನನ್ನ ಬೆನ್ನು ಗುದ್ದುತ್ತ, "ಒಳ್ಳೇದಾಯ್ತು ಬಿಡು, ಎಲ್ಲ ಹೊರಗೆ ಬರಲಿ" ಎಂದರು. ನಗುವಿನಲ್ಲಿ ಊಟ ಮುಗಿಯಿತು. ಸಾರಿನ ಬಕೆಟ್ ಮಾತ್ರ ತುಂಬಿದ್ದು ತುಂಬಿದಂತೆಯೇ ಉಳಿಯಿತು. ವಿಮಲಮ್ಮನವರು ಒಂದು ಹನಿ ಸಾರೂ ಮುಟ್ಟದೆ, "ಬರ್ತೀನಮ್ಮಾ" ಎಂದು ರುಂಡಾದ ಕಾರು ಹತ್ತಿದರು.

ಮನೆಗೆ ಬರುವಾಗ ಸುಧಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೆ ಗ್ರೀಕರು ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದಕ್ಕೆ ನಾಚಿಕೆಯಾಯಿತು. ಅವಳು ಕಟ್ಟಿಕೊಳ್ಳುತ್ತಿದ್ದ ಒಂದೇ ಒಂದು ಸ್ವಂತದ್ದನ್ನು ನಾನು ಒಂದೇ ಭಾಷಣದಲ್ಲಿ ಮುಗಿಸಿದ್ದೆ.

ಮಾರನೆಯ ದಿನ ಆಫೀಸಿನಿಂದ ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಸಂಜೆ ಬಂದಾಗ ಬಾಗಿಲಿಗೆ ಬೀಗ. ನಾನು ಗೇಟಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿರುವಾಗ ಟ್ಯಾಕ್ಸಿಯಿಂದ ಇಳಿದಳು, ಕೈಯಲ್ಲೊಂದು ಖಾಲಿ ಡಬ್ಬಿ.

"ಎಲ್ಲಿಗೆ ಹೋಗಿದ್ದೆ ಸುಧಾ?"

"ರುಂಡಾಕ್ಕೆ. ಬೆಳಿಗ್ಗೆ ಹೊಸದಾಗಿ ಸಾರು ಮಾಡ್ಕೊಂಡು ಹೋದೆ. ವಿಮಲಾ ಆಂಟಿಗೆ ನಾನೇ ಅನ್ನ ಕಲಸಿ ಕೊಟ್ಟೆ. ಕಣ್ಣು ಮುಚ್ಕೊಂಡು ತಿನ್ನಿ ಆಂಟಿ, ಯಾರ ಮಾತೂ ನೆನಪು ಮಾಡ್ಕೋಬೇಡಿ ಅಂದೆ."

"ಏನಂದ್ರು?"

"ಎರಡು ಸಲ ಹಾಕಿಸ್ಕೊಂಡ್ರು. ನಿಶ್ಚಿತಾರ್ಥದ ಅಡುಗೆ ನಂದೇ."

ನಾನು ಗೇಟಿನಲ್ಲೇ ಕುಣಿಯುವುದೊಂದು ಬಾಕಿ. "ಆದ್ರೆ ಒಂದು ಷರತ್ತಿದೆ," ಎಂದಳು. "ಊಟದ ಹತ್ತಿರ ನೀವು ಬರೋ ಹಾಗಿಲ್ಲ."

ನನಗೆ ಕೋಪ ಬಂತು. ಅದು ಸಹಜವಲ್ಲವೇ? "ಎಷ್ಟು ಸೊಕ್ಕು ಆ ವಿಮಲಮ್ಮಂಗೆ! ಅಡುಗೆ ಮಾಡೋಳ ಗಂಡ ಬರಬಾರದಂತಾ?"

"ಅವರೇನೂ ಅನ್ನಲಿಲ್ಲ ರೀ. ಪಾಪ, ನಿಮ್ಮನ್ನೂ ಕರ್ಕೊಂಡು ಬಾ ಅಂದ್ರು. ಷರತ್ತು ಹಾಕಿದ್ದು ನಾನು."

ನಿಶ್ಚಿತಾರ್ಥದ ದಿನ ತಾಯಿ ಮಗಳು ಬೆಳಿಗ್ಗೆಯೇ ಹೊರಟರು. ನಾನು ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ಮನಸ್ಸೆಲ್ಲ ರುಂಡಾದಲ್ಲೇ ಇತ್ತು. ಸಂಜೆ ಅನನ್ಯಾ ಓಡಿಬಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ಸಾರಿಗೆ ಜನ ಮುಗಿಬಿದ್ದರಂತೆ. ಇನ್ನೂ ಇಬ್ಬರು ಅಮ್ಮನ ಫೋನ್ ನಂಬರ್ ತೆಗೆದುಕೊಂಡರಂತೆ. ಎಲ್ಲರೂ ನನ್ನನ್ನೂ ಕೇಳಿದರಂತೆ.

ನಾನು ನೆಟ್ಟಗೆ ಎದ್ದು ಕೂತೆ. ಎಷ್ಟಾದರೂ ನಮ್ಮ ಜನ! "ಹೌದಾ ಪುಟ್ಟಾ? ಏನಂತ ಕೇಳಿದ್ರು?"

ಅಪರೂಪಕ್ಕೆ ಅವಳು ಅಚ್ಚ ಕನ್ನಡದಲ್ಲಿ ಉತ್ತರಿಸಿದಳು. "ಅವರು ಬಂದಿಲ್ಲ ತಾನೇ, ಅಂತ."